ಎಳೆದು ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ.
ಮನೆ ಎಳೆದು ನೋಡು ಅಂತ
ಯಾರೂ ಅಂದದ್ದು ನಾ ಕೇಳಿಲ್ಲ.

ನಾನು ಎಳೆಯುತ್ತೇನೆ, ಹತ್ತೊಂಬತ್ತು ವರ್ಷದಿಂದ,
ರಾಲಿನ್ಸ್‌ನಿಂದ ಲ್ಯಾರಮಿಗೆ, ಲ್ಯಾರಮಿಯಿಂದ ಆಚೆಗೆ,
ಮರವಿಲ್ಲದ ವಯೋಮಿಂಗಿನ ಬಯಲಲ್ಲಿ,
ಬೇಲಿಯ ಗೂಟಗಳೂ ಪೂರ್ವಕ್ಕೆ ವಾಲಿರುವ ಕಡೆ.

ಮಂಗಳವಾರ ಲವೋನ್ ಪಿಕೆಟ್ ಅವಳ ಟ್ರೇಲರ್.
ಕಾರ್ಖಾನೆಯದು. ಬಿಳಿ ತಗಡು, ಪಕ್ಕಕ್ಕೊಂದು ನೀಲಿ ಪಟ್ಟೆ,
ಎರಡೂವರೆ ಟನ್ನು, ಮೇಲೆ ಚಿಲ್ಲರೆ.
ಕೊಂಡಿ ಸಿಕ್ಕಿಸಿ, ಸರಪಳಿ ಅಡ್ಡ ಹಾಕಿ, ದೀಪ ನೋಡಿ
ಕಾಫಿ ಆರುವ ಮುಂಚೆ ಹೊರಟೆ.
ಅದರ ಬಾಗಿಲ ಹಿಡಿ ಮುರಿದರೆ
ಪುಸ್ತಕದಲ್ಲಿ ಅದಕ್ಕೊಂದು ನಂಬರಿದೆ,
ಗುರುವಾರ ಟಪಾಲಿನಲ್ಲಿ ಬರುತ್ತದೆ.
ಅಂಥವೇ ಎದುರಿಗೆ ಒಂಬತ್ತು ಸಿಕ್ಕವು ಆ ದಿನ.
ಒಡಹುಟ್ಟಿದವು; ಒಂದೂ ಇನ್ನೊಂದನ್ನು ಮಾತಾಡಿಸಲಿಲ್ಲ.

ಎಲ್ಕ್ ಗುಡ್ಡದ ತಿರುವಿನಲ್ಲಿ ಗಾಳಿ ಬಂತು.
ಕನ್ನಡಿಯಲ್ಲಿ ಟ್ರೇಲರ್ ಬಾಲ ಆಡಿಸಿತು,
ಎತ್ತು ಏರಿಗೆ, ಕೋಣ ನೀರಿಗೆ.
ಆಗ ಲಾರಿಯ ಬ್ರೇಕು ಮುಟ್ಟಬಾರದು.
ಕಾಲು ತೆಗೆ, ಹಿಂದಿನ ಬ್ರೇಕನ್ನಷ್ಟೇ ಬೆರಳಲ್ಲಿ ಒತ್ತು,
ಕಾಯಿ.
ತಗ್ಗಿನಲ್ಲಿ ನಿಲ್ಲಿಸಿ ಬಾಗಿಲು ತೆರೆದರೆ
ತಟ್ಟೆಗಳೆಲ್ಲ ನೆಲದ ಮೇಲೆ, ಪ್ಲಾಸ್ಟಿಕ್ಕಿನವು,
ಒಂದೂ ಒಡೆದಿರಲಿಲ್ಲ.
ಒಡೆಯುವಂಥದ್ದೇನನ್ನೂ
ಅವಳು ಅದರಲ್ಲಿ ಇಟ್ಟೇ ಇರಲಿಲ್ಲ.

ಶುಕ್ರವಾರ ಓರಿನ್ ಹಾಲ್ಡರ್ಸನ್‌ನ ಮನೆ.
ಮನೆ ಅಂತಲೇ ಅನ್ನಬೇಕು, ಟ್ರೇಲರ್ ಅಂದರೆ ಮುಖ ತಿರುಗಿಸುತ್ತಾನೆ.
ಶಾಲೆಯಲ್ಲಿ ಬಡಗಿ ಕೆಲಸ ಕಲಿಸಿ ನಿವೃತ್ತನಾದವ.
ಆರು ಚಳಿಗಾಲದ ಕೆಲಸ: ದೇವದಾರು ಹಲಗೆ,
ಕೆಡವಿದ ಬೌಲಿಂಗ್ ಅಂಗಣದಿಂದ ತಂದ ನೆಲ,
ಮೂಲೆಯಲ್ಲಿ ಎರಕದ ಒಲೆ, ಅದರಡಿ ಇಟ್ಟಿಗೆ.
"ಎಷ್ಟು ತೂಕ?" ಅಂದೆ.
"ಬೇಕಾದಷ್ಟು" ಅಂದ.

ತೂಕದ ಕಟ್ಟೆಗೆ ದಾಕ್ಷಿಣ್ಯವಿಲ್ಲ:
ಏಳು ಟನ್ನಿಗೆ ಒಂದು ಮುಷ್ಟಿ ಕಡಿಮೆ.
ಅದೂ ಹೋಗಲಿ, ಒಲೆ, ಇಟ್ಟಿಗೆ, ನೀರಿನ ತೊಟ್ಟಿ
ಎಲ್ಲ ಅಚ್ಚಿನ ಹಿಂದೆ. ಮೂಗು ಹಗುರ, ಬೆನ್ನು ಭಾರ.
ಇಂಥದ್ದು ಇಳಿಜಾರಿನಲ್ಲಿ
ಎಳೆಯುವವನನ್ನೇ ತಿರುಗಿಸಿ ಎಸೆಯುತ್ತದೆ.
ಒಲೆ ಯಾಕೆ ಹಿಂದಿಟ್ಟೆ ಮಾರಾಯ?
"ಬೆಳಗಿನ ಬಿಸಿಲು ಅಲ್ಲಿ ಬೀಳುತ್ತದೆ."
ಚಕ್ರದ ಮೇಲಿನ ಮನೆಗೆ ಪೂರ್ವ ಯಾವುದಪ್ಪಾ?
ಅವನು ತಡವರಿಸಿ, ಹಲ್ಲು ಕಿರಿದು,
ತೊಟ್ಟಿಯ ನೀರು ಬಿಡತೊಡಗಿದ.
ಉಳಿಗಳ ಪೆಟ್ಟಿಗೆ, ಹಿಡಿಗಲ್ಲು, ಹನ್ನೊಂದು ಡಬ್ಬಿ ಮೊಳೆ,
ಹಿಂದಿನದನ್ನೆಲ್ಲ ಮುಂದಕ್ಕೆ ಹೊತ್ತೆವು ಇಬ್ಬರೂ.

ಅದೇ ತಿರುವು. ಗಾಳಿ ಬಂತು,
ಈ ಸಲ ತಾನೇ ಸುತ್ತಿಕೊಂಡು ಹೋಯಿತು.
ಡೀಸೆಲ್ ಮಾತ್ರ ಮಂಗಳವಾರದ ಎರಡರಷ್ಟು.
ಬಂಕಿನಲ್ಲಿ ನಿಂತಾಗ ಮನೆ ಕಿರ್ರೆಂದಿತು.
"ಅದು ಅಟ್ಟದ ಏಣಿ" ಅಂದ, ತಲೆಯೆತ್ತದೆ.
ಇನ್ನೊಂದಕ್ಕೆ "ಉತ್ತರದ ಕಿಟಕಿ."
ಮೂರನೆಯದಕ್ಕೆ ಸುಮ್ಮನಾದ. ಅದು ಹೊಸತು.

ಹಳೆಯ ರಸ್ತೆಯ ರೈಲುಸೇತುವೆ ಹದಿಮೂರಡಿ ಆರಂಗುಲ.
ಮನೆ ಅದಕ್ಕಿಂತ ಅರ್ಧ ಅಂಗುಲ ಎತ್ತರ.
ಕೊನೆಯ ಸಾಲು ಹಲಗೆಯನ್ನು, ಚಂದಕ್ಕೆಂದು,
ಕೊನೆಯ ಚಳಿಗಾಲದಲ್ಲಿ ಹೊಡೆದಿದ್ದನಂತೆ.
ಗರಗಸ ತರಲೇ ಅಂದೆ. ನನ್ನನ್ನು ನೋಡಿದ ನೋಟ
ಇವತ್ತಿಗೂ ಕಚ್ಚುತ್ತದೆ.
ಕೊನೆಗೆ ಟೈರುಗಳ ಗಾಳಿ ಬಿಟ್ಟೆವು, ಒಂದೊಂದೇ,
ಮನೆ ಮೆಲ್ಲಗೆ ಮಂಡಿಯೂರುವವರೆಗೆ.
ಅವನು ಏಣಿ ಹತ್ತಿ ಸೇತುವೆಗೂ ಸೂರಿಗೂ ನಡುವೆ
ಅಂಗೈ ತೂರಿಸಿದ.
ನಡೆಯುವುದಕ್ಕಿಂತ ನಿಧಾನ ದಾಟಿದೆ.

ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಪದ ಬರೆದಿದ್ದೇನೆ: ಸಾಗಣೆ.

ಆಚೆ ಬದಿ ಪುಟ್ಟ ಪಂಪಿನಿಂದ ಗಾಳಿ ತುಂಬಲು ಒಂದೂವರೆ ಗಂಟೆ.
ಅಷ್ಟರಲ್ಲಿ ಅವನು ಒಲೆ ಹಚ್ಚಿದ,
ಹೆದ್ದಾರಿಯ ಪಕ್ಕದಲ್ಲಿ, ಮೊಟ್ಟಮೊದಲ ಸಲ,
ಪಿಂಗಾಣಿ ಲೋಟ ಕೈಗಿಟ್ಟ.
ಒಲೆಯ ಮೇಲೆ ಬಿಸಿಲು ಬಿದ್ದಿತ್ತು,
ಸಂಜೆಯದು, ಪಶ್ಚಿಮದ್ದು.
ಇಬ್ಬರೂ ಅದರ ಮಾತೆತ್ತಲಿಲ್ಲ.
ಹೊರಗೆ ಪಂಪು ಏದುಸಿರು ಬಿಡುತ್ತಲೇ ಇತ್ತು,
ಮೂರನೇ ಚಕ್ರ.